ಬಾಗಿಲಿಲ್ಲದ ಸಮಾಧಿ

ಹುಲ್ಲು ಕತ್ತರಿಸುವ ಮಷೀನಿನ ಬ್ಲೇಡು ನನ್ನ ಮೂಗಿನ ಮುಂದೆ ಗಿರ್ರನೆ ತಿರುಗುತ್ತಿತ್ತು!

ಬೆನ್ನಿಗೆ ಕಲ್ಲಿನ ಗೋಡೆ. ಎಡಕ್ಕೊಬ್ಬ, ಬಲಕ್ಕೊಬ್ಬ. ಎದುರಿಗೆ ಮಷೀನು ಹಿಡಿದ ದಾಂಡಿಗ. ಅವನ ಹಿಂದೆ, ಕಂಟ್ರಾಕ್ಟ್ ಕಂಪನಿಯ ಮ್ಯಾನೇಜರ್ ಟಾಕ್.

ಕೂಗಿದರೆ ಕೇಳುವವರು ಯಾರು? ಅವತ್ತು ಜೆಜು ದ್ವೀಪದವರೆಲ್ಲ ತಂತಮ್ಮ ಹಿರಿಯರ ಸಮಾಧಿಯ ಹುಲ್ಲು ಕತ್ತರಿಸುವ ದಿನ. ಹೊಲಹೊಲದಲ್ಲೂ ಇದೇ ಮಷೀನು, ಇದೇ ಗದ್ದಲ. ಕೊಲೆ ಮಾಡಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುವುದಿಲ್ಲ ಬಿಡಿ!

"ಜ್ವಾ..." ಟಾಕ್ ನನ್ನ ಹೆಸರು ಹಿಡಿದು ಮೆತ್ತಗೆ ಕರೆದ. "ಜೇಬಲ್ಲಿರೋ ಡಬ್ಬಿ ಕೊಡು."

"ಯಾವ ಡಬ್ಬಿ?"

"ಹಸಿರು ಬಣ್ಣದ ಪುಡಿ. ನಾಟಕ ಬೇಡ."

"ಅಯ್ಯೋ, ಅದಾ? ಹೆಂಡ್ತಿ ಕೇಕಿಗೆ ಹಾಕೋಕೆ ತರಿಸಿದ್ದು."

"ನಿನಗೆ ಹೆಂಡ್ತಿ ಇಲ್ಲ."

"ಓಹೋ! ನನ್ನ ಮೇಲೆ ರಿಸರ್ಚ್ ಬೇರೆ ಮಾಡಿದ್ದೀಯ. ಖುಷಿ ಆಯ್ತು ಕಣಯ್ಯ!"

ಬ್ಲೇಡು ಇನ್ನೊಂದು ಗೇಣು ಮುಂದೆ ಬಂತು. ಖುಷಿ ಇಳಿದುಹೋಯಿತು.

ಹೆದರಿದೆನಾ? ಹೆದರಿದೆ, ಸ್ವಾಮಿ! ಪೊಲೀಸ್ ಕೆಲಸ ಬಿಟ್ಟು ಪತ್ತೇದಾರಿಕೆ ಹಿಡಿದವನು ನಾನು. ಚಾಕು ಕಂಡಿದ್ದೇನೆ, ಮೀನಿನ ಗಾಳ ಕಂಡಿದ್ದೇನೆ. ಹುಲ್ಲಿನ ಹಾಗೆ ಸಾಯಲು ಮಾತ್ರ ಮನಸ್ಸಿರಲಿಲ್ಲ.

ವಿಷಯ ಇಷ್ಟು. ನಮ್ಮ ದ್ವೀಪದ ನೆಲ ಕಪ್ಪು ಕಲ್ಲು. ಮಳೆನೀರು ಮೇಲೆ ನಿಲ್ಲುವುದಿಲ್ಲ. ಅಲ್ಲಲ್ಲಿ ಬಿಲಗಳಿವೆ, ಉಸಿರುಬಿಲ ಅನ್ನುತ್ತೇವೆ. ನೀರು ಅದರಲ್ಲಿಳಿದು ಕಡಲ ದಂಡೆಯಲ್ಲಿ ಸಿಹಿನೀರಿನ ಬುಗ್ಗೆಯಾಗಿ ಏಳುತ್ತದೆ. ಈಗ ಏರ್‌ಪೋರ್ಟಿನ ರನ್‌ವೇ ಉದ್ದ ಮಾಡಬೇಕಂತೆ. ಅದರ ಮೇಲೆ ಬಿದ್ದ ಮಳೆನೀರು, ಜೊತೆಗೆ ಎಣ್ಣೆ, ಟೈರಿನ ಕೊಳೆ, ಎಲ್ಲ ಬಂದು ನಿಲ್ಲಲು ಒಂದು ಕೊಳ ಬೇಕಂತೆ. ಇದೇ ಹೊಲದಲ್ಲಿ! 'ಇಲ್ಲಿ ಉಸಿರುಬಿಲವೇ ಇಲ್ಲ' ಎಂದು ರಿಪೋರ್ಟು ಬರೆಸಿದವನು ಟಾಕ್.

ಕೆಳಗೆ ಆ ಬುಗ್ಗೆಯ ನೀರು ಕುಡಿಯುವವರು ಕಡಲ ಹೆಂಗಸರು. ಉಸಿರು ಕಟ್ಟಿ ತಳಕ್ಕಿಳಿದು ಕಪ್ಪೆಚಿಪ್ಪು ಕಿತ್ತು ತರುವವರು. ಅವರ ಯಜಮಾನಿ ಹ್ಯೊನ್ ಸಮ್ಚುನ್ ನನ್ನನ್ನು ಈ ಕೆಲಸಕ್ಕೆ ಹಚ್ಚಿದ್ದಳು. ಹೆಣ್ಣಾಗಲಿ ಗಂಡಾಗಲಿ, ಹಿರಿಯರೆಲ್ಲ ನಮಗೆ ಸಮ್ಚುನ್‌ಗಳೇ.

"ಆ ಹೊಲದಲ್ಲಿ ಬಿಲ ಇತ್ತು ಕಣೋ," ಅಂದಿದ್ದಳು. "ಚಿಕ್ಕೋಳಿದ್ದಾಗ ನನ್ನ ಹಂದಿಮರಿ ಅದ್ರೊಳಗೆ ಬಿದ್ದಿತ್ತು. ಹುಡುಕು. ಸಿಗ್ಲಿಲ್ಲ ಅಂದ್ರೆ ಮುಖ ತೋರಿಸ್ಬೇಡ!"

ಈ ಹುಲ್ಲು ಕತ್ತರಿಸುವ ದಿನವೇ ಕಡೆಯ ದಿನ. ಮಧ್ಯಾಹ್ನ ಪರಿಸರ ಅಧಿಕಾರಿ ಯೊಮ್ ಮೇಡಂ ಬಂದು ಹೊಲ ನೋಡಿ ಸಹಿ ಹಾಕಿದರೆ ಬುಗ್ಗೆಯ ಕತೆ ಮುಗಿಯಿತು.

ಬಿಲ ಸಿಕ್ಕರೆ ಅದಕ್ಕೆ ಸುರಿದು, ನೀರು ಬುಗ್ಗೆಗೇ ಬರುತ್ತದೆಂದು ತೋರಿಸಲು ಆ ಹಸಿರು ಪುಡಿ ಜೇಬಿಗಿಟ್ಟುಕೊಂಡು ಬೆಳಗಿನಿಂದ ಜಾಲಾಡಿದ್ದೆ. ಬಿಲ ಸಿಗಲಿಲ್ಲ. ಹೊಲದ ಮಧ್ಯೆ ಒಂದು ಸಮಾಧಿ ಮಾತ್ರ ಇತ್ತು. ಹುಲ್ಲಿನ ದಿಬ್ಬ, ಸುತ್ತ ಕಪ್ಪು ಕಲ್ಲಿನ ಗೋಡೆ. ನಮ್ಮಲ್ಲಿ ಹೊಲದೊಳಗೆ ಸಮಾಧಿ ಇರುವುದು ಮಾಮೂಲು. ಸರ್ವೇಯವರು ಅದನ್ನು ಮುಟ್ಟುವುದಿಲ್ಲ, ಸುತ್ತಿ ಹೋಗುತ್ತಾರೆ.

ನಾನೂ ಸುತ್ತಿದೆ. ತಲೆ ಧಿಮ್ಮೆಂದಿತು.

ಗೋಡೆಗೆ ಬಾಗಿಲೇ ಇಲ್ಲ!

ಸತ್ತವರು ಹೋಗಿಬಂದು ಮಾಡಲೆಂದು ನಮ್ಮೂರಲ್ಲಿ ಗೋಡೆಗೊಂದು ಸಂದು ಬಿಡುತ್ತೇವೆ. ಗಂಡಸಿಗೆ ಎಡಕ್ಕೆ, ಹೆಂಗಸಿಗೆ ಬಲಕ್ಕೆ. ಹೆತ್ತವರನ್ನು ಒಳಗೆ ಕೂಡಿಹಾಕುವ ಮಗ ಯಾವನು? ಇದು ದ್ವೀಪದವರು ಕಟ್ಟಿದ್ದಲ್ಲ. ಟಾಕ್‌ನ ಹಾಗೆ ಸಿಯೋಲಿನಿಂದ ಬಂದವರು ದೂರದಿಂದ ನೋಡಿ ಕಟ್ಟಿಸಿದ್ದು!

ಅಷ್ಟರಲ್ಲಿ ಇವರು ಬಂದರು. ಎಲ್ಲ ಸಮಾಧಿಗಳೂ ನುಣ್ಣಗಾದ ದಿನ ಇದೊಂದು ಮಾತ್ರ ಪೊದೆಯಾಗಿದ್ದರೆ ಕಣ್ಣಿಗೆ ಹೊಡೆಯುತ್ತದಲ್ಲ, ಅದಕ್ಕೆ ಕ್ಷೌರ ಮಾಡಿಸಲು ಬಂದಿದ್ದರು.

"ಕಡೇ ಸಲ ಕೇಳ್ತಿದ್ದೀನಿ," ಅಂದ ಟಾಕ್.

ನನ್ನ ಹಿಂದಿದ್ದದ್ದು ಹೊಲದ ಅಂಚಿನ ಗೋಡೆ, ಅದಕ್ಕೆ ಗಾರೆಯಿಲ್ಲ. ಕಲ್ಲಿನ ಮೇಲೆ ಕಲ್ಲು, ಅಷ್ಟೇ. ಕಾಲು ಊರಿ ಬೆನ್ನಿನಿಂದ ಜೋರಾಗಿ ತಳ್ಳಿದೆ...

ದಡದಡ! ಗೋಡೆಯ ಸಮೇತ ಆಚೆ ಬಿದ್ದೆ. ಬ್ಲೇಡು ಕಲ್ಲಿಗೆ ತಾಗಿ ಕಿಡಿ ಹಾರಿತು. ದಾಂಡಿಗ ಕಿರುಚಿದ. ನಾನು ಎದ್ದವನೇ ಓಟ ಕಿತ್ತೆ.

"ಹಿಡೀರೋ ಅವನ್ನ!"

ಮೂಲಂಗಿ ಹೊಲ. ಗೋಡೆ. ಕ್ಯಾರೆಟ್ ಹೊಲ. ಮತ್ತೊಂದು ಗೋಡೆ. ಮಂಡಿ ತರಚಿ ರಕ್ತ ಸುರಿಯುತ್ತಿತ್ತು. ಹಿಂದೆ ಬೂಟುಗಳ ಸದ್ದು ಹತ್ತಿರವಾಗುತ್ತಿತ್ತು. ಮುಂದಿನ ಗೋಡೆ ಹಾರಿದವನು ಸೀದಾ ಒಂದು ದೊಡ್ಡ ಕುಟುಂಬದ ನಡುವೆ ಬಿದ್ದೆ. ಅಜ್ಜನ ಸಮಾಧಿಯ ಸುತ್ತ ಅಣ್ಣತಮ್ಮಂದಿರು, ಸೊಸೆಯರು, ಅಳಿಯಂದಿರು. ಎಲ್ಲರ ಕೈಯಲ್ಲೂ ಕುಡುಗೋಲು!

"ಯಾರಪ್ಪ ನೀನು?" ಒಬ್ಬ ಮುದುಕ ಕೇಳಿದ.

"ಸಮ್ಚುನ್, ನನಗೂ ಒಂದು ಕುಡುಗೋಲು ಕೊಡಿ. ಆಮೇಲೆ ಹೇಳ್ತೀನಿ!"

ಕೊಟ್ಟ. ಬಗ್ಗಿ ಹುಲ್ಲು ಕೊಯ್ಯತೊಡಗಿದೆ. ಟಾಕ್‌ನ ಇಬ್ಬರು ಆಳುಗಳು ಗೋಡೆಯ ಮೇಲೆ ಮುಖ ತೋರಿಸಿದರು. ಕುಟುಂಬದವರೆಲ್ಲ ಕೆಲಸ ನಿಲ್ಲಿಸಿ ಅವರನ್ನೇ ನೋಡಿದರು.

"ಏನ್ ಬೇಕಿತ್ತು?" ಮುದುಕ ಕೇಳಿದ.

"ಏನಿಲ್ಲ... ದಾರಿ ತಪ್ಪಿತು."

"ಬಂದ ದಾರೀಲೇ ವಾಪಸ್ ಹೋಗಿ. ಸಿಗುತ್ತೆ."

ಹೋದರು.

ಮಧ್ಯಾಹ್ನ ಮಳೆ ಹಿಡಿಯಿತು. ಎಂಥ ಮಳೆ ಅಂತೀರಿ! ನಾನು ಕುಂಟುತ್ತ ಹೊಲಕ್ಕೆ ವಾಪಸ್ ಬಂದಾಗ ಎಲ್ಲರೂ ಸೇರಿದ್ದರು. ಕೊಡೆಯ ಕೆಳಗೆ ಯೊಮ್ ಮೇಡಂ. ಪಕ್ಕದಲ್ಲಿ ಹಲ್ಲು ಕಿರಿಯುತ್ತಿದ್ದ ಟಾಕ್. ಎದುರಿಗೆ ಹ್ಯೊನ್ ಸಮ್ಚುನ್, ಅವಳ ಹಿಂದೆ ಕಡಲ ಹೆಂಗಸರು.

"ನೀರು ಎಲ್ಲಿಗೆ ಹೋಗ್ತಿದೆ, ಕಣ್ಣುಬಿಟ್ಟು ನೋಡಮ್ಮ!" ಸಮ್ಚುನ್ ಅರಚುತ್ತಿದ್ದಳು.

ಹೊಲದ ನೀರೆಲ್ಲ ಹರಿದು ಬಂದು ಸಮಾಧಿಯ ಗೋಡೆಯ ಕಲ್ಲುಗಳೊಳಗೆ ಮಾಯವಾಗುತ್ತಿತ್ತು.

"ಕಾಣ್ತಿದೆ ಅಮ್ಮ," ಅಂದಳು ಯೊಮ್. "ಆದ್ರೆ ಅದು ಸಮಾಧಿ. ವಾರಸುದಾರರು ಒಪ್ಪದೆ ಒಂದು ಕಲ್ಲೂ ಅಲ್ಲಾಡಿಸೋ ಹಾಗಿಲ್ಲ."

"ಪಾಪ, ಎಷ್ಟು ಬೋರ್ಡ್ ಹಾಕಿದ್ವಿ ಮೇಡಂ," ಟಾಕ್ ನಿಟ್ಟುಸಿರು ಬಿಟ್ಟ. "ವಾರಸುದಾರರು ಯಾರೂ ಬರಲಿಲ್ಲ. ಕಾನೂನು ಅಂದ್ರೆ ಕಾನೂನು."

ಕೈಯೆತ್ತಿದೆ.

"ನಾನು ಬಂದೆ! ಅದು ನಮ್ಮ ಮುತ್ತಜ್ಜಿ!"

ಟಾಕ್‌ನ ಹಲ್ಲು ಒಳಗೆ ಹೋಯಿತು. ನಾನು ಓಡಿಹೋಗಿ ಗೋಡೆ ತಬ್ಬಿಕೊಂಡೆ.

"ಅಜ್ಜೀ... ನೀರಲ್ಲಿ ನೆನೀತಾ ಬಿದ್ದಿದ್ದೀಯಲ್ಲ ಅಜ್ಜೀ! ಮೇಡಂ, ಈಗಲೇ ಅಗೆದು ಬೇರೆ ಕಡೆ ಮಣ್ಣು ಮಾಡ್ತೀನಿ. ಒಪ್ಪಿಗೆ ನಂದು!"

"ಸುಳ್ಳು!" ಟಾಕ್ ಕಿರುಚಿದ. "ಇವನಜ್ಜಿ ಅಲ್ಲಿಲ್ಲ!"

"ನಿನಗೆ ಹೇಗೆ ಗೊತ್ತು?"

"ಅದರೊಳಗೆ ಯಾರೂ..."

ಟಕ್ಕನೆ ಬಾಯಿ ಮುಚ್ಚಿದ. ತಡವಾಗಿತ್ತು. ಯೊಮ್ ನಿಧಾನವಾಗಿ ಅವನತ್ತ ತಿರುಗಿದಳು.

"ಅದರೊಳಗೆ ಯಾರೂ... ಏನು? ಮುಗಿಸಿ."

ಟಾಕ್ ಒಂದು ಹೆಜ್ಜೆ ಹಿಂದೆ ಸರಿದ.

"ಅಗೀರಿ," ಅಂದಳು ಯೊಮ್.

ಹೆಂಗಸರು ಕಾದಿದ್ದವರ ಹಾಗೆ ನುಗ್ಗಿದರು. ಹುಲ್ಲು ಕಿತ್ತರು. ಒಂದು ಪದರ ಮಣ್ಣು. ಕೆಳಗೆ ನೀಲಿ ಟಾರ್ಪಾಲು. ಅದರ ಕೆಳಗೆ ಕಬ್ಬಿಣದ ತಗಡು! ನಾಲ್ಕಾರು ಜನ ಸೇರಿ ಎತ್ತಿದರು. ಕತ್ತಲೆಯ ಬಿಲದೊಳಗಿಂದ ತಣ್ಣನೆ ಗಾಳಿ ಮುಖಕ್ಕೆ ಬೀಸಿತು.

"ಉಸಿರಾಡ್ತಾ ಇದೆ ಕಣೋ..." ಅಂದಳು ಸಮ್ಚುನ್. ಬೈಗುಳ ಬಿಟ್ಟು ಬೇರೆ ಮಾತಾಡದ ಆ ಮುದುಕಿ ಬಿಲದ ಅಂಚಿನಲ್ಲಿ ಕೂತು ಗಾಳಿಗೆ ಮುಖವೊಡ್ಡಿದಳು. ನನಗೂ ಎದೆ ತುಂಬಿ ಬಂತು. ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಡಬ್ಬಿ ಬಿಚ್ಚಿ ಪುಡಿಯನ್ನೆಲ್ಲ ಸುರಿದೆ. ನೀರು ಎಳೆ ಸೊಪ್ಪಿನ ಬಣ್ಣಕ್ಕೆ ತಿರುಗಿ ಗುಳುಗುಳು ಎಂದು ಇಳಿದುಹೋಯಿತು.

"ಬಿಲ ಇದೆ. ಬರೀತೀನಿ," ಅಂದಳು ಯೊಮ್. "ಆದ್ರೆ ಈ ನೀರು ನಿಮ್ಮ ಬುಗ್ಗೆಗೇ ಬರುತ್ತೆ ಅಂತ ನಾನು ಕಣ್ಣಾರೆ ನೋಡ್ಬೇಕು."

ಹಿಂತಿರುಗಿ ನೋಡಿದೆ. ಟಾಕ್ ಇಲ್ಲ! ಅವನ ಕಾರೂ ಇಲ್ಲ!

"ಸಮ್ಚುನ್, ನಿನ್ನ ಟ್ರಕ್ ಕೀ ಕೊಡು! ಅವನು ಬುಗ್ಗೆಗೆ ಹೋದ!"

"ಕೊಡ್ತೀನಿ. ನಾವೂ ಬರ್ತೀವಿ. ಓಡ್ಸು!"

ಹೆಂಗಸರು ಹಿಂದೆ ಹತ್ತಿಕೊಂಡರು. ಟ್ರಕ್ಕು ಇಳಿಜಾರಿನಲ್ಲಿ ಜಾರುತ್ತ ಗೋಡೆಗಳಿಗೆ ಉಜ್ಜುತ್ತ ಹಾರಿತು. ಯೊಮ್ ಮೇಡಂ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದಳು.

ಬುಗ್ಗೆಯ ಕಟ್ಟೆಯ ಮೇಲೆ ಟಾಕ್ ಸಿಕ್ಕಿಬಿದ್ದ. ಕೈಯಲ್ಲಿ ಬ್ಲೀಚ್ ಕ್ಯಾನು! ಅದು ಬಿದ್ದರೆ ಆ ಹಸಿರು ಗುರುತು ಸಿಗದಂತೆ ಅಳಿಸಿಹೋಗುತ್ತದೆ. ಒಂದು ಕ್ಯಾನು ಆಗಲೇ ಖಾಲಿಯಾಗಿತ್ತು. ಎರಡನೆಯದರ ಮುಚ್ಚಳ ತಿರುವುತ್ತಿದ್ದ.

ಅವನ ಮೇಲೆ ಹಾರಿದೆ. ಕ್ಯಾನು ಬೀಸಿ ದವಡೆಗೆ ಕೊಟ್ಟ. ಹಲ್ಲೊಂದು ಅಲ್ಲಾಡಿತು. ಇಬ್ಬರೂ ನೀರಿಗೆ ಬಿದ್ದೆವು. ಕತ್ತು ಹಿಡಿದು ನನ್ನನ್ನು ಒಳಗೆ ಅದುಮಿದ. ಕಣ್ಣು ಕತ್ತಲಾಯಿತು...

ಇದ್ದಕ್ಕಿದ್ದಂತೆ ಹಿಡಿತ ಸಡಿಲವಾಯಿತು. ಕೆಮ್ಮುತ್ತ ಮೇಲೆದ್ದೆ. ಸಮ್ಚುನ್ ಅವನ ಕಾಲರ್ ಹಿಡಿದಿದ್ದಳು. ಸುತ್ತ ಅವಳ ಜೊತೆಗಾತಿಯರು.

"ನೀರಲ್ಲಿ ಮುಳುಗಿಸೋ ಆಟನಾ? ಬಾರೋ, ನಮ್ಮ ಜೊತೆ ಆಡು. ಯಾರ ಉಸಿರು ಗಟ್ಟಿ ನೋಡೇಬಿಡಾಣ!"

ಅವನು ಆಡಲಿಲ್ಲ. ಕಟ್ಟೆಯ ಮೂಲೆಯಲ್ಲಿ ಮುದುಡಿ ಕೂತ.

ಕಾದೆವು. ಬುಗ್ಗೆ ಉಕ್ಕಿ ಉಕ್ಕಿ ಬ್ಲೀಚನ್ನೆಲ್ಲ ಕಡಲಿಗೆ ತಳ್ಳಿತು. ಮಳೆ ನಿಂತು ಸಂಜೆಬಿಸಿಲು ಬೀಳುವ ಹೊತ್ತಿಗೆ ಕಲ್ಲಿನ ಬುಡದಿಂದ ಒಂದು ಎಳೆ ಎದ್ದಿತು.

ಹಸಿರು!

ಹೆಂಗಸರ ಕೂಗಿಗೆ ಕಡಲಕ್ಕಿಗಳೆಲ್ಲ ಹಾರಿಹೋದವು. ಯೊಮ್ ಮಂಡಿಯವರೆಗೆ ನೀರಿಗಿಳಿದು ತಾನೇ ಬಾಟಲಿ ತುಂಬಿಸಿ ಮುಚ್ಚಳ ಬಿಗಿದಳು.

"ಕೊಳ ಈ ಹೊಲಕ್ಕೆ ಬರಲ್ಲ," ಅಂದಳು.

ಟಾಕ್ ಎದ್ದು ನನ್ನ ಮುಖಕ್ಕೆ ಬೆರಳು ತೋರಿಸಿದ. "ಅಧಿಕಾರಿ ಮುಂದೆ ಸುಳ್ಳು ಹೇಳಿ ಸಮಾಧಿ ಅಗೆಸಿದ್ದೀಯ, ಜ್ವಾ! ಕೇಸು ಹಾಕ್ತೀನಿ! ಜೈಲಿಗೆ ಕಳಿಸ್ತೀನಿ!"

ಬಾಯಲ್ಲಿದ್ದ ರಕ್ತ ಉಗಿದೆ.

"ಹಾಕಪ್ಪ. ಆ ಸಮಾಧಿ ಕಟ್ಟಿಸಿದ್ದು ಯಾರು ಅಂತ ಮೊದಲನೇ ಸಾಲಲ್ಲೇ ಬರಿ, ಆಯ್ತಾ?"

ಇವತ್ತಿಗೂ ಕಾಯುತ್ತಿದ್ದೇನೆ, ಸ್ವಾಮಿ... ಕೇಸು ಬಂದಿಲ್ಲ!