ಯಾವ ಸೊನ್ನಿ?

ಮಧ್ಯಾಹ್ನದಿಂದ ಸೌಂದರ್ಯಾ ಕುರ್ಚಿಯಲ್ಲಿ ಕೂತದ್ದಕ್ಕಿಂತ ಎದ್ದದ್ದೇ ಹೆಚ್ಚು. ವಿದ್ಯಾನಗರದ ಆ ಸಣ್ಣ ಸಾಫ್ಟ್‌ವೇರ್ ಆಫೀಸಿನ ಕಿಟಕಿಗೆ ಹೋದಳು, ನೀರು ಕುಡಿದಳು, ಮತ್ತೆ ಬಂದು ಸ್ಕ್ರೀನ್ ನೋಡಿದಳು. ಬರಬೇಕಾದ ಒಂದೇ ಒಂದು ಫೋನ್ ನಂಬರ್ ಬಂದಿರಲಿಲ್ಲ.

ಸಂಜೆ ಗಬ್ಬೂರಿನ ಕಾಳಿನ ವ್ಯಾಪಾರಸ್ಥರು ಮಗನನ್ನು ಕರಕೊಂಡು ಕನ್ಯಾ ನೋಡಲು ಬರುವವರಿದ್ದರು. "ಒಲ್ಲೆ ಅನ್ನೂದಿದ್ದರ ಈಗ ಅನ್ನು, ಫೋನ್ ಮಾಡಿ ಹೇಳತೇನಿ. ಅವರು ಬಂದು ಕುಂತ ಮ್ಯಾಲೆ ಅಂದರ ನಾ ಮುಖ ಎಲ್ಲಿಡಲಿ?" ಅಂತ ಅವ್ವ ರತ್ನವ್ವ ಬೆಳಿಗ್ಗೆಯೇ ಖಡಕ್ಕಾಗಿ ಹೇಳಿದ್ದಳು. ಒಲ್ಲೆ ಅನ್ನಲು ಒಂದು ಕಾರಣ ಬೇಕಲ್ಲ. ಆ ಕಾರಣದ ಹೆಸರು ವಿಶಾಲ.

ವಿಶಾಲ ಧಾರವಾಡದ ಒಂದು ಪ್ರಕಾಶನದಲ್ಲಿ ಕನ್ನಡ ಟೈಪಿಂಗ್ ಮಾಡುವವ. ಅವರ ಪುಸ್ತಕ ಮಾರುವ ವೆಬ್‌ಸೈಟ್ ಕೆಲಸ ಸೌಂದರ್ಯಾಳ ಪಾಲಿಗೆ ಬಂದಿತ್ತು. ಪೇಜು ತೋರಿಸಿದ ಮೊದಲನೇ ದಿನವೇ ಅವ ತಕರಾರು ತೆಗೆದಿದ್ದ.

"ಕನ್ನಡ ಪುಸ್ತಕದ ಅಂಗಡಿರೀ ಇದು. ಕನ್ನಡ ಅಂಕಿ ಹಾಕಿದರ ನಿಮ್ಮ ಪೇಜು 'ಇದು ಸಂಖ್ಯೆಯಲ್ಲ' ಅಂತೈತಿ. ಸಂಖ್ಯೆ ಅಲ್ಲದ ಬದನಿಕಾಯೇನ್ರಿ ಮತ್ತ?"

ಅವಳಿಗೆ ಸಿಟ್ಟು ಬಂತು. ನಗೆಯೂ ಬಂತು, ಅದು ಸಿಟ್ಟಿಗಿಂತ ಬೇಗ ಬಂತು. ಗಿರಾಕಿ ಬರೆದದ್ದು ಅಂಕಿಯೋ ಅಲ್ಲವೋ ಅಂತ ಪರೀಕ್ಷೆ ಮಾಡುವ ಸಾಲುಗಳು ಅವಳವೇ. ಇಂಗ್ಲಿಷ್ ಬಿಟ್ಟು ಬೇರೆ ಅಂಕಿಯೂ ಯಾರಾದರೂ ಒತ್ತಬಹುದು ಅಂತ ಅವಳ ತಲೆಗೇ ಹೊಳೆದಿರಲಿಲ್ಲ. ತಿದ್ದಿದಳು. ತಿದ್ದಿದ್ದು ನೋಡಲು ಅವ ಬಂದ, ಮತ್ತೊಂದು ತಪ್ಪು ಹಿಡಿದ. ಆಮೇಲೆ ಇಲ್ಲದ ತಪ್ಪುಗಳನ್ನೂ ಹುಡುಕಿಕೊಂಡು ಬರತೊಡಗಿದ.

ಅವಳು ಮಾತಾಡುವಾಗ ಸ್ಕ್ರೀನ್ ನೋಡುತ್ತಿದ್ದ. ಅವಳು ಸ್ಕ್ರೀನ್ ನೋಡುವಾಗ ಅವಳನ್ನು ನೋಡುತ್ತಿದ್ದ. ಸ್ಕ್ರೀನ್ ಕಪ್ಪಾದಾಗೆಲ್ಲ ಆ ನೋಟ ಅದರಲ್ಲಿ ಸ್ವಚ್ಛ ಕಾಣುತ್ತಿತ್ತು. ಪಾಪ, ಅವನಿಗೆ ಅದು ಗೊತ್ತಿರಲಿಲ್ಲ.

ಕೆಲಸ ಮುಗಿದ ದಿನ ಅವಳೇ ಧೈರ್ಯ ಮಾಡಿದ್ದಳು. "ಇನ್ನ ಆಫೀಸ್ ಮಾತು ಏನೂ ಉಳಿದಿಲ್ರಿ. ನಿಮಗ ಮನಸ್ಸಿದ್ದರ ಇದ ಪೇಜಿನ್ಯಾಗ ನಿಮ್ಮ ಸ್ವಂತ ನಂಬರ್ ಹಾಕ್ರಿ. ನಾನ ಫೋನ್ ಮಾಡತೇನಿ."

ಅವ ಕಿವಿ ಕೆಂಪಗೆ ಮಾಡಿಕೊಂಡು ತಲೆಯಾಡಿಸಿ ಹೋದ. ವಾರವಾಗುತ್ತ ಬಂತು. ಪುಸ್ತಕ ಕೊಳ್ಳುವ ಯಾರ್ಯಾರವೋ ನಂಬರ್ ಬಂದವು, ಅವನದು ಮಾತ್ರ ಇಲ್ಲ. ಒಲ್ಲದಿದ್ದರೆ ಒಲ್ಲೆ ಅನ್ನಬಾರದೇ? ಹಿಂಗ್ಯಾಕೆ ಜೀವ ತಿನ್ನಬೇಕು?

ಕಡೆಗೆ ಬ್ಯಾಗು ಹೆಗಲಿಗೇರಿಸಿದಳು. ಗಬ್ಬೂರಿನವರಿಗೆ ಹೂಂ ಅಂದುಬಿಡುವುದೇ ಸೈ. ಬಾಗಿಲು ತೆಗೆದರೆ ಎದುರಿಗೇ ವಿಶಾಲ, ಬೆವರಿಕೊಂಡು, ಮುಖ ಊದಿಸಿಕೊಂಡು.

"ಬ್ಯಾಡ ಅನ್ನಾಕ ಇಷ್ಟು ಸುತ್ತಿ ಬಳಸಿ ಯಾಕ್ರಿ? ಬಾಯಿ ಬಿಟ್ಟು ಹೇಳಿದ್ದರ ಆಗತಿತ್ತು."

"ನಾ ಯಾವಾಗ ಬ್ಯಾಡ ಅಂದೆ? ನಂಬರ್ ಹಾಕದವರು ನೀವು."

"ದಿನಾ ಹಾಕಾಕತ್ತೇನ್ರಿ. ದಿನಾ 'ಇದು ಸಂಖ್ಯೆಯಲ್ಲ' ಅಂತೈತಿ. ಊರಮಂದಿ ನಂಬರ್ ಎಲ್ಲಾ ನಡೀತಾವ, ನಂದೊಂದು ನಡಿಯಂಗಿಲ್ಲ. ನನ್ನ ಹೆಸರು ಕಂಡರ ಹೊರಗ ಹಾಕು ಅಂತ ಬರದೀರಿ, ಖರೇ ಹೇಳ್ರಿ."

ಬ್ಯಾಗು ಅವಳ ಹೆಗಲಿನಿಂದ ಜಾರಿತು. "ಒಳಗ ಬರ್ರಿ. ನನ್ನ ಮುಂದ ಹಾಕ್ರಿ."

ಅವ ಕೂತ. ಬೆರಳು ಸರಸರ ಓಡಿದವು. ಒಂಬತ್ತು, ಎಂಟು, ಸೊನ್ನಿ, ಮತ್ತೆ ಉಳಿದವು. ಕೆಳಗೆ ಕೆಂಪು ಸಾಲು ಮೂಡಿತು. ಅವಳು ಬಗ್ಗಿ ನೋಡಿದಳು. ಸೊನ್ನಿಯ ಪಕ್ಕ ಚುಕ್ಕಿ ಚುಕ್ಕಿಯ ಒಂದು ಮಸುಕು ವೃತ್ತವಿತ್ತು.

"ಯಾವ ಸೊನ್ನಿ ಒತ್ತಿದ್ರಿ?"

"ಸೊನ್ನಿ ಅಂದರ ಸೊನ್ನಿ. ಅದರಾಗ ಯಾವುದು ಅಂದರ?"

"ನೀವು ಒತ್ತಿದ್ದು 'ಅಂ' ಅನ್ನೋದರ ಸೊನ್ನಿ, ಅಕ್ಷರದ್ದು. ಅಂಕಿ ಸೊನ್ನಿ ಬ್ಯಾರೆ ಕೀದಾಗ ಐತಿ. ಕಣ್ಣಿಗೆ ಎರಡೂ ಒಂದ, ಪ್ರೋಗ್ರಾಮಿಗೆ ಅಲ್ಲ."

ವಿಶಾಲ ಕೈ ಹಿಂದಕ್ಕೆ ತೆಗೆದ. ಅವನಿಗೆ ಟೈಪಿಂಗ್ ಕಲಿಸಿದವರು ಅಪ್ಪ ಫಕೀರಪ್ಪ. ಅಪ್ಪನ ಹಳೇ ಟೈಪ್‌ರೈಟರಿನಲ್ಲಿ ಎರಡು ಸೊನ್ನಿಗೂ ಒಂದೇ ಕೀ. ಬೆರಳಿಗೆ ಅದೇ ರೂಢಿ ಕೂತಿತ್ತು. ಪ್ರಕಾಶನದ ಹಳೇ ಫಾಂಟಿನಲ್ಲಿ ಚುಕ್ಕಿ ವೃತ್ತ ಮೂಡುತ್ತಿರಲಿಲ್ಲ, ಹಾಗಾಗಿ ಅಚ್ಚಾದ ಪುಸ್ತಕದಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ.

"ಇಂಗ್ಲಿಷ್ ಅಂಕಿ ಹಾಕಿ ನೋಡಬಾರದಿತ್ತೇನ್ರಿ?" ಅಂದಳು ಸೌಂದರ್ಯಾ.

"ನಿಮ್ಮ ಕೂಡ ಅಷ್ಟು ಜಗಳಾಡಿ ಇಸಕೊಂಡ ಕನ್ನಡ ಅಂಕಿ ಬಿಡಲಿ ಹ್ಯಾಂಗ?" ಅವನ ಮುಖದಲ್ಲಿ ನಗೆ ಇಣುಕಿತು. "ಈ ಚುಕ್ಕಿ ಗುಂಡು ಏನಿದು?"

"ಖಾಲಿ ಜಾಗಾ. ಆ ಸೊನ್ನಿ ತಾನೊಂದ ನಿಲ್ಲಂಗಿಲ್ರಿ, ಪಕ್ಕದಾಗ ಅಕ್ಷರ ಬೇಕು. ಇಲ್ಲದಿದ್ದರ ಜಾಗಾ ಹಿಡಕೊಂಡು ಕಾಯತೈತಿ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ನಾಚಿಕೆಯಾಯಿತು. ಈ ಸಲ ಅವ ಸ್ಕ್ರೀನ್ ನೋಡುತ್ತಿರಲಿಲ್ಲ.

"ನಾನೂ ಹಂಗ ಕಾಯಾಕತ್ತೇನಿ," ಅಂದ ಮೆಲ್ಲಗೆ. "ನೀವು ಬೇಕ್ರಿ ನನಗ."

ಅಷ್ಟರಲ್ಲಿ ಫೋನ್ ಬಂತು. ಅವ್ವ.

"ಅವರು ಹೊಂಟಾರಂತ. ಕಡೀ ಸಲ ಕೇಳತೇನಿ. ಹೂಂ ಅಂತಿಯೋ, ಒಲ್ಲೆ ಅಂತಿಯೋ?"

"ಹೂಂ ಅಂದೆ ಅವ್ವಾ. ಆದರ ಅವರಿಗಲ್ಲ. ಅವರಿಗೆ ಬರಬ್ಯಾಡ್ರಿ ಅಂತ ಹೇಳು."

ಆ ಕಡೆ ಪಾತ್ರೆಯ ಸಪ್ಪಳ ನಿಂತಿತು. "ಮತ್ಯಾರಿಗೆ?"

ಸೌಂದರ್ಯಾ ಫೋನನ್ನು ವಿಶಾಲನ ಕೈಗಿಟ್ಟಳು. ರತ್ನವ್ವ ಎದುರಿಗೇ ಬಂದಳೇನೋ ಎಂಬಂತೆ ಅವ ಎದ್ದು ನಿಂತ.

"ನಮಸ್ಕಾರ್ರಿ. ನಾ ವಿಶಾಲ ಅಂತ್ರಿ, ಧಾರವಾಡದಾವ. ನಾ... ನಾವಿಬ್ಬರೂ..."

"ಮನ್ಯಾಗ ಹಿರಿಯಾರು ಅದಾರ?"

"ಅಪ್ಪ ಅದಾರ್ರಿ."

"ಅವರನ್ನ ಕರಕೊಂಡು ಇವತ್ತ ಬರ್ರಿ. ನಾಳಿ ಅಂತ ಮಾತು ಬ್ಯಾಡ."

"ಬರತೇನ್ರಿ ಅತ್ತೀ," ಅಂದುಬಿಟ್ಟ ವಿಶಾಲ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಸೌಂದರ್ಯಾ ಫೋನಿಗೆ ಕಿವಿಯಿಟ್ಟಳು.

ಆ ಮಾತನ್ನು ರತ್ನವ್ವ ತಿದ್ದಲಿಲ್ಲ.