ನಾಲ್ಕು ಕಾಲಿನ ವಾಕ್ಯ

“ನಿಮ್ಮ ಹೆಂಗಸರಿಗೆ ನಾಲ್ಕು ಕಾಲಾ?”

ಇಂಗ್ಲಿಷ್ ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ಕಣ್ಣಲ್ಲಿ ಸಿಕ್ಕಿಬಿತ್ತು. ಕಾರ್ಮಿಕರ ಮುಖಂಡ ಗುಡುಗಣ್ಣನ ಕಿವಿ ಕೆಂಪಾಯಿತು. ಎದುರಿನ ಹೊಲಿಗೆ ಕಾರ್ಖಾನೆಯ ಗೇಟಿನಲ್ಲಿ ಅವನು ಕೂಗಿದರೆ ಮಾಲೀಕನ ಕಾರೇ ರಿವರ್ಸ್ ಹೋಗುತ್ತಿತ್ತು. ಈ ಮಹಡಿಯ ಕ್ಲಾಸಿನಲ್ಲಿ ಮಾತ್ರ ಅವನೇ ರಿವರ್ಸ್.

ಬೇಡಿಕೆ ಪತ್ರದಲ್ಲಿ ಅವನು ಬರೆದದ್ದು: ‘ವಿ ವಾಂಟ್ ಚೇರ್ಸ್ ಫಾರ್ ವಿಮೆನ್ ವಿತ್ ಫೋರ್ ಲೆಗ್ಸ್.’

“ನಗಬೇಡಿ ಟೀಚರ್. ಮೊದಲು ಕಾಲು ಮುರಿದ ಕುರ್ಚಿ ಕೊಟ್ರು, ಈಗ ಅದನ್ನೂ ಕಿತ್ಕೊಂಡ್ರು. ದಿನವಿಡೀ ನಿಂತು ಹೊಲಿದು ನಮ್ಮಕ್ಕನ ಕಾಲು ಕಂಬ ಆಗಿದೆ.”

ನಗು ನಿಂತಿತು. ಟೀಚರ್ ತಮ್ಮ ಕುರ್ಚಿಯನ್ನು ಅವನ ಪಕ್ಕಕ್ಕೇ ಎಳೆದರು. “ಯಾವುದು ಯಾರಿಗೆ ಸೇರಿದ್ದೋ ಅವರ ಪಕ್ಕದಲ್ಲೇ ಕೂರಬೇಕು. ಇಲ್ಲದಿದ್ರೆ ಅರ್ಥ ಕೆಡುತ್ತೆ.”

ಟೀಚರ್ ಹೇಳಿದ್ದು ಕುರ್ಚಿಯ ಕಾಲಿನ ಬಗ್ಗೆಯೇ. ಆದರೂ ಅವನ ಅರ್ಥವೆಲ್ಲ ಕೆಟ್ಟುಹೋಯಿತು.

ಟೀಚರ್ ಅವನು ತಂದಿದ್ದ ಮಾಲೀಕನ ನೋಟಿಸು ಎತ್ತಿಕೊಂಡರು. “ಕುರ್ಚಿಗಳು ತೆಗೆಯಲ್ಪಟ್ಟಿವೆಯಂತೆ! ಯಾರು ತೆಗೆದ್ರು? ಗಾಳಿ ಹೊತ್ಕೊಂಡು ಹೋಯ್ತಾ? ತಪ್ಪು ಮಾಡಿದವರು ಮೊದಲು ಬಚ್ಚಿಡೋದು ಕರ್ತೃವನ್ನ. ನೀವು ನೇರವಾಗಿ ಬರೀರಿ: ‘ಯು ಟುಕ್ ಅವರ್ ಚೇರ್ಸ್. ಬ್ರಿಂಗ್ ದೆಮ್ ಬ್ಯಾಕ್.’”

ಆ ಎರಡು ವಾಕ್ಯ ಗೇಟಿನ ಮೇಲೆ ಬ್ಯಾನರ್ ಆಯಿತು. ಹೆಂಗಸರು ಮಷೀನು ನಿಲ್ಲಿಸಿದರು. ವಾರದೊಳಗೆ ಕುರ್ಚಿಗಳು ಬಂದವು, ಗಟ್ಟಿ ನಾಲ್ಕು ಕಾಲಿನವು.

ಗೆದ್ದ ಸಂಜೆ ಗುಡುಗಣ್ಣ ಎದೆಗಟ್ಟಿ ಮಾಡಿಕೊಂಡು ಕ್ಲಾಸಿಗೆ ಬಂದ. ಇನ್ನು ಪತ್ರದ ನೆಪವಿಲ್ಲ. ಇವತ್ತು ಹೇಳದಿದ್ದರೆ ಈ ಮೆಟ್ಟಿಲು ಹತ್ತಲು ಕಾರಣವೇ ಇಲ್ಲ.

“ಟೀಚರ್... ಯು ಆರ್ ಲವ್ಡ್.”

“ಅಂದ್ರೆ, ನಾನು ಪ್ರೀತಿಸಲ್ಪಟ್ಟಿದ್ದೀನಾ?” ಒಂದು ಹುಬ್ಬು ಮೇಲೆ ಹೋಯಿತು. “ಯಾರಿಂದ? ನೀವೂ ಮಾಲೀಕನ ಹಾಗೆ ಕರ್ತೃವನ್ನ ನುಂಗಿದ್ರಲ್ಲ ಮಾರಾಯ್ರೇ!”

“ಐ...”

“ಹೂಂ. ಐ?”

“ಐ ಲವ್ ಯು,” ಎಂದ, ಇರುವೆಗೂ ಕೇಳದ ಹಾಗೆ.

“ಗೇಟಲ್ಲಿ ಕೂಗೋ ಗಂಟಲು ಎಲ್ಲಿ ಹೋಯ್ತು?”

ಇಷ್ಟು ಕೆಣಕಿದ ಮೇಲೆ ತಡೆಯಲಾದೀತೇ! ಮುಷ್ಟಿ ತಾನಾಗಿ ಮೇಲೆ ಹೋಯಿತು. “ಐ ಲವ್ ಯೂ!”

ಕಿಟಕಿ ತೆರೆದಿತ್ತು. ಕೆಳಗೆ ಕೆಲಸ ಬಿಟ್ಟು ಹೊರಟಿದ್ದ ಹೆಂಗಸರು ಆ ದನಿ ಕೇಳಿದ್ದೇ ತಡ, ಅಭ್ಯಾಸಬಲದಿಂದ ಕೈಯೆತ್ತಿ ಉತ್ತರಿಸಿದರು:

“ಬೇಕೇ ಬೇಕು!”

ಗುಡುಗಣ್ಣ ಮುಖ ಮುಚ್ಚಿಕೊಂಡ. ಟೀಚರ್ ಎದ್ದು ಕಿಟಕಿಯಿಂದ ಬಗ್ಗಿದರು.

“ಯಾರಿಗೆ ಅಂತಲೂ ಸೇರಿಸ್ರೇ! ಅರ್ಧ ವಾಕ್ಯ ಕೂಗಬೇಡಿ!”

“ಯಾರಿಗೆ ಟೀಚರ್?” ಕೆಳಗಿನಿಂದ ಕೂಗು ಬಂತು.

“ನನಗೆ!”