ಗಗನಳ ಹೊಸ ಶೂ

ಗಂಡಿಕೋಟದ ಬಂಡೆಕಣಿವೆಗೆ ಚಾರಣ ಹೋಗಲು ನಾವು ಆರು ಜನ ದಿನಾ ಬೆಳಿಗ್ಗೆ ಕೊತ್ತತ್ತಿ ನಾಲೆ ಏರಿಯ ಮೇಲೆ ನಡೆದು ಅಭ್ಯಾಸ ಮಾಡುತ್ತಿದ್ದೆವು. ಗೆಳತಿ ಗಗನ, "ನಾನೂ ಬತ್ತೀನಿ ಕಣೇ, ಶೂನೂ ತಗೊಂಡಿವ್ನಿ" ಎಂದಾಗ, ವ್ಯಾನಿನಲ್ಲಿ ಸೀಟಿಲ್ಲ ಎಂದುಬಿಟ್ಟೆ. ಸೀಟಿತ್ತು. ಅವಳ ಮಾತಿನ ಮುಂದೆ ನಾನು ಮಂಕಾಗುತ್ತೇನೆಂದು ಹಾಗೆ ಹೇಳಿದ್ದೆ. ಹತ್ತೇ ದಿನಕ್ಕೆ ಡೆಂಗಿ ಬಂದು ಗಗನ ತೀರಿಕೊಂಡಳು.

ಮರುವಾರ ಏರಿಯ ಮೇಲೆ ನಾನೇ ಕೊನೆಯವಳು. ಆದರೂ ಬೆನ್ನ ಹಿಂದೆ ಹೊಸ ಶೂ ಕಿರುಗುಟ್ಟುತ್ತಿತ್ತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು.

"ಮಾತೇ ಆಡ್ದಿರೋಳು ಯಾರ್ ಜೊತೆ ನಿಂತ್ಕಂಡೆ? ಬಾರಮ್ಮೀ!" ಎಂದು ನಮ್ಮ ಗುಂಪಿನ ಶಶಿಧರ್ ಮುಂದಿನಿಂದ ಕೂಗಿದ.

ಅಲ್ಲಿಂದ ನೇರ ಗಗನಳ ಮನೆಗೆ ಹೋಗಿ, ಅವಳ ತಾಯಿ ಯಶೋದಮ್ಮನ ಮುಂದೆ ಸುಳ್ಳನ್ನು ಒಪ್ಪಿಕೊಂಡೆ. ಅವರು ಬೈಯಲಿಲ್ಲ.

"ಒಂದಿನಾನೂ ಆಕ್ನಿಲ್ಲ ಕಣವ್ವ. ನೀನೇ ಆಕ್ಕೊಂಡೋಗು" ಎಂದು ಶೂ ಡಬ್ಬ ಕೊಟ್ಟರು.

ತೆರೆದೆ. ಅಟ್ಟೆ ಸವೆದಿತ್ತು. ಅದಕ್ಕೆ ಮೆತ್ತಿದ್ದ ಏರಿಯ ಕೆಸರು ಇನ್ನೂ ಒದ್ದೆಯಾಗಿತ್ತು.